ಡಬಲ್ ಬಾಸ್‌ನ ಮೂರನೆಯ ಸಂಜೆ

ರತ್ನದೀಪ ಹದಿನೆಂಟನೆಯ ವಯಸ್ಸಿನಲ್ಲಿ ನಾರಾಯಣಪುರ ಬಿಟ್ಟು ಸೇನೆಯ ಬ್ಯಾಂಡಿಗೆ ಸೇರಿದಾಗ, ಅವನ ಉದ್ದನೆಯ ಬೆರಳುಗಳನ್ನು ನೋಡಿ ಹವಾಲ್ದಾರರು ಅವನ ಕೈಗೆ ಡಬಲ್ ಬಾಸ್ ಕೊಟ್ಟರು. ಪಿಟೀಲಿನ ಆಕಾರದ್ದೇ, ಆದರೆ ಆಳಿಗಿಂತ ಎತ್ತರದ ವಾದ್ಯ. ಇಪ್ಪತ್ತೆರಡು ವರ್ಷ ಅವನು ಅದನ್ನು ಅಪ್ಪಿಕೊಂಡು ವಾದ್ಯವೃಂದದ ಕೊನೆಯ ಸಾಲಿನಲ್ಲಿ ನಿಂತ. ಉಳಿದವರ ಸ್ವರಗಳಿಗೆ ಕೆಳಗಿನಿಂದ ಆಸರೆ ಕೊಡುವುದಷ್ಟೇ ಅದರ ಕೆಲಸ. ನಿವೃತ್ತನಾಗಿ ಹೈದರಾಬಾದಿನಲ್ಲಿ ಸಂಗೀತ ಕಲಿಸತೊಡಗಿದ ಮೇಲೆ ಅವನಿಗೆ ಒಂದು ಹಟ ಹತ್ತಿತು. ಈ ವಾದ್ಯ ಒಮ್ಮೆಯಾದರೂ ಮುಂದೆ ಬಂದು ನಿಲ್ಲಬೇಕು. ಒಂಟಿಯಾಗಿ ನುಡಿಯಬೇಕು, ಮೂರು ನಾಲ್ಕು ವಾದ್ಯಗಳ ಸಣ್ಣ ಕೂಟದಲ್ಲಿ ಸರಿಸಮನಾಗಿ ಮಾತಾಡಬೇಕು. ಅದೂ ತನ್ನ ಸೀಮೆಯಲ್ಲಿ.

ಕಳೆದ ಜನವರಿಯಲ್ಲಿ ಅದು ಕೂಡಿಬಂತು. ಶುಕ್ರವಾರ ಬಸವಕಲ್ಯಾಣದ ಒಂದು ಶಾಲೆಯಲ್ಲಿ, ಶನಿವಾರ ನಾರಾಯಣಪುರದಲ್ಲಿ, ಭಾನುವಾರ ಹುಮನಾಬಾದಿನ ಒಂದು ಸಭಾಭವನದಲ್ಲಿ. ಪಿಟೀಲು ನುಡಿಸುವ ಗೆಳೆಯ ಉತ್ತಮ ಇನ್ನಿಬ್ಬರನ್ನು ಕರೆದುಕೊಂಡು ಬಂದ. ಉಳಿದದ್ದನ್ನೆಲ್ಲ ನೋಡಿಕೊಂಡವನು ರತ್ನದೀಪನ ತಮ್ಮ ಶೈಲೇಶ.

ಶೈಲೇಶ ಹತ್ತು ವರ್ಷ ಚಿಕ್ಕವನು, ಹೊಲದ ಕೂಲಿ ಮಾಡುವವನು. ಅಣ್ಣನ ವಾದ್ಯದ ಹೆಸರು ಅವನ ಬಾಯಲ್ಲಿ ಸರಿಯಾಗಿ ಹೊರಳುತ್ತಿರಲಿಲ್ಲ. ಆದರೂ ಕುರ್ಚಿ, ಮೈಕು, ಜನರೇಟರ್ ಎಲ್ಲ ಅವನೇ ಹೊಂದಿಸಿದ. ತಾನು ಕಬ್ಬು ಕಡಿದ ಹೊಲಗಳನ್ನು ನೆನೆದುಕೊಂಡು, ಬೈಕಿನಲ್ಲಿ ಹುಡಗಿ ಗ್ರಾಮದವರೆಗೂ ಹೋಗಿ ಮಂದಿಯನ್ನು ಕರೆದು ಬಂದ. "ಏನ್ ಬಾರಸ್ತಾನೋ ನಿಮ್ಮಣ್ಣ?" ಎಂದು ಕೇಳಿದವರಿಗೆ, "ನನಗೂ ಗೊತ್ತಿಲ್ರಿ. ಬರ್ರಿ, ಕೂಡಿ ಕೇಳೋಣು" ಎಂದಿದ್ದನಂತೆ.

ಆದರೆ ಅವನಿಗೆ ಕೇಳಲು ಆಗಲೇ ಇಲ್ಲ. ಮೊದಲ ಸಂಜೆ ಕರೆಂಟು ಹೋಗಿ, ಶಾಲೆಯ ಹಿಂದೆ ಜನರೇಟರಿನ ಪಕ್ಕದಲ್ಲೇ ಕಳೆದ. ಎರಡನೆಯ ಸಂಜೆ ಮಗಳಿಗೆ ಜ್ವರ ಏರಿತು. ಮಾತ್ರೆ ತರಲು ಬಸವಕಲ್ಯಾಣಕ್ಕೆ ಹೋಗಿ ಬರುವಷ್ಟರಲ್ಲಿ ಜನ ಎದ್ದಿದ್ದರು. ಅವನ ಹೆಂಡತಿ ವಿಶಾಖಾ, ತಾಯಿ ಕಮಳಾಬಾಯಿ ಇಬ್ಬರೂ ಮಗುವಿನ ಹತ್ತಿರವೇ ಉಳಿದಿದ್ದರು.

"ನಾಳೆ ಕೇಳ್ತೀನಿ ತಗೋ ದಾದಾ" ಎಂದ ಶೈಲೇಶ.

ಭಾನುವಾರ ಮಧ್ಯಾಹ್ನ ಉತ್ತಮ ಮತ್ತು ಉಳಿದಿಬ್ಬರು ಬಸ್ಸಿನಲ್ಲಿ ಮುಂದೆ ಹೋದರು. ಬಾಸ್ ಅನ್ನು ಪಕ್ಕದ ಓಣಿಯ ಕಲ್ಲಿನಾಥನ ಟೆಂಪೋದಲ್ಲಿ ಹೇರಿದರು. ಗಟ್ಟಿ ಪೆಟ್ಟಿಗೆ ಹೈದರಾಬಾದಿನಲ್ಲೇ ಉಳಿದಿತ್ತು. ಇದ್ದದ್ದು ಬಟ್ಟೆಯ ಚೀಲ ಮಾತ್ರ. ಶೈಲೇಶ ಹಗ್ಗ ಬಿಗಿದು, ಮುಂದೆ ಬಂದು ಕೂರಲು ಹೊರಟ.

"ನೀ ಹಿಂದ ಕೂಡು" ಎಂದ ರತ್ನದೀಪ. "ಇದರ ಕುತ್ತಿಗಿ ಗಟ್ಟಿ ಹಿಡ್ಕೊ. ಒಮ್ಮೆ ಸೀಳಿ ರಿಪೇರಿ ಆಗ್ಯದ ಅದು."

"ಹಗ್ಗ ಬಿಗಿ ಅದ ದಾದಾ."

"ಹಗ್ಗದ ಮ್ಯಾಲ ಭರವಸಾ ಇಲ್ಲ ನನಗ. ಏನರ ಆಗ್ಲಿ, ಕೈ ಬಿಡಬ್ಯಾಡ."

ಶೈಲೇಶ ಹಿಂದೆ ಹತ್ತಿದ. ಹೆದ್ದಾರಿಯಲ್ಲಿ ಹುಮನಾಬಾದು ಇನ್ನು ಐದಾರು ಕಿಲೋಮೀಟರ್ ಇದ್ದಾಗ, ಕಬ್ಬು ತುಂಬಿದ ಟ್ರ್ಯಾಕ್ಟರ್ ಒಂದು ಅಡ್ಡದಾರಿಯಿಂದ ಒಮ್ಮೆಲೇ ಮೇಲೆ ಬಂತು. ಕಲ್ಲಿನಾಥ ಬ್ರೇಕ್ ಒತ್ತಿ ಎಡಕ್ಕೆ ಎಳೆದ. ಟೆಂಪೋ ಉರುಳಲಿಲ್ಲ. ಹಿಂದಿನ ಅಡ್ಡಹಲಗೆ ಮಾತ್ರ ಕಳಚಿ ಬಿತ್ತು.

ರತ್ನದೀಪ ಇಳಿದು ಹಿಂದಕ್ಕೆ ಓಡಿದ. ರಸ್ತೆಯ ಮೇಲೆ ಎರಡು ಬಿದ್ದಿದ್ದವು. ಇತ್ತ ಬಾಸ್, ಅದರಾಚೆ ನಾಲ್ಕು ಹೆಜ್ಜೆಯಲ್ಲಿ ಶೈಲೇಶ. ರತ್ನದೀಪ ಬಾಸ್‌ನ ಪಕ್ಕ ಮಂಡಿಯೂರಿದ. ಚೀಲದ ಮೇಲಿಂದಲೇ ಅದರ ಕುತ್ತಿಗೆಯ ಉದ್ದಕ್ಕೂ ಕೈಯಾಡಿಸಿದ. ಮುರಿದಿರಲಿಲ್ಲ. ಅಬ್ಬಾ ಎನಿಸಿತು. ಆಮೇಲೆ ತಲೆ ಎತ್ತಿದ.

ಕಲ್ಲಿನಾಥ ಅಷ್ಟರಲ್ಲಿ ಶೈಲೇಶನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ. ಕಲ್ಲಿನಾಥನ ಕಣ್ಣು ರತ್ನದೀಪನ ಮೇಲಿತ್ತು.

ಆಸ್ಪತ್ರೆಯಲ್ಲಿ ಶೈಲೇಶನಿಗೆ ಎಚ್ಚರ ಬರಲಿಲ್ಲ. ಹೊತ್ತು ಮುಳುಗುವ ಮೊದಲೇ ಉಸಿರು ನಿಂತಿತು. ಎರಡೂ ಅಂಗೈ ಚೊಕ್ಕವಾಗಿದ್ದವು, ಒಂದು ಗೀರೂ ಇರಲಿಲ್ಲ. ಬೀಳುವಾಗ ಆಸರೆಗೆ ಕೈ ಊರಿರಲಿಲ್ಲ ಅವನು.

ಮಣ್ಣು ಮಾಡಿದ್ದಾಯಿತು. ಬುದ್ಧ ವಿಹಾರದ ಭಿಕ್ಷು, ಭಂತೇಜಿ, ಬಂದು ವಂದನೆ ಹೇಳಿಸಿದರು. ಬಂದವರು, "ನಸೀಬು" ಎಂದರು, "ಟ್ರ್ಯಾಕ್ಟರಿನವನ ತಪ್ಪು" ಎಂದರು. ರತ್ನದೀಪ ಎಲ್ಲಕ್ಕೂ ತಲೆಯಾಡಿಸಿದ. ಕಲ್ಲಿನಾಥ ಎದುರು ಬಂದಾಗಲೆಲ್ಲ ಎದ್ದು ಹಿತ್ತಲಿಗೆ ಹೋಗುತ್ತಿದ್ದ. ಬಾಸ್ ಪಡಸಾಲೆಯ ಮೂಲೆಯಲ್ಲಿ ಹರಿದ ಚೀಲದಲ್ಲೇ ಇತ್ತು. ಮೂರನೆಯ ಸಂಜೆಯನ್ನು ಎರಡು ವಾರ ಮುಂದೆ ಹಾಕಿದ್ದೇವೆ, ಬೇಡವೆಂದರೆ ರದ್ದು ಮಾಡೋಣ ಎಂದು ಉತ್ತಮ ಫೋನ್ ಮಾಡಿದಾಗ, ರದ್ದು ಮಾಡು ಎಂದ.

ಎಂಟನೆಯ ದಿನ ಬೆಳಿಗ್ಗೆ ಕಮಳಾಬಾಯಿ ಚಹಾದ ಬಟ್ಟಲು ಕೆಳಗಿಟ್ಟು ಹೇಳಿದಳು:

"ಅದನ್ನ ತಗಿ. ಬಾರಿಸು. ನಾ ಒಮ್ಮೆನೂ ಕೇಳಿಲ್ಲ."

"ಈಗ ಬ್ಯಾಡ ಅವ್ವ."

"ನನ್ನ ಮಗ ಯಾವುದನ್ನ ಹಿಡ್ಕೊಂಡು ಕೂತಿದ್ದ ಅಂತ ನನಗ ಗೊತ್ತಾಗಬೇಕು."

ಅವನು ತೆಗೆದ. ಸ್ವರ ಹೊಂದಿಸಿ, ಹುಮನಾಬಾದಿನಲ್ಲಿ ಮೊದಲು ನುಡಿಸಬೇಕಿದ್ದ ಒಂಟಿ ವಾದನವನ್ನೇ ಶುರುಮಾಡಿದ. ಕಮಾನು ದಪ್ಪ ತಂತಿಯ ಮೇಲೆ ಸರಿದಾಗ ಪಡಸಾಲೆಯ ತಗಡು ಸಣ್ಣಗೆ ನಡುಗಿತು. ವಿಶಾಖಾ ಮಗುವನ್ನು ಸೊಂಟಕ್ಕೇರಿಸಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಆರೇಳು ನಿಮಿಷ ಅವನು ನುಡಿಸಿದ. ಕೈ ತಪ್ಪಲಿಲ್ಲ. ಅದೇ ಅವನಿಗೆ ಭಯ ತಂದಿತು.

ಮುಗಿದ ಮೇಲೆ ಕಮಳಾಬಾಯಿ "ಇಷ್ಟೇ ಏನು?" ಎಂದಳು. ಆ ಮಾತಿನಲ್ಲಿ ಹೀಯಾಳಿಕೆ ಇರಲಿಲ್ಲ. ಇನ್ನೂ ಏನೋ ಇದ್ದೀತು ಎಂದು ಕಾದವಳ ಮಾತು ಅದು.

ರತ್ನದೀಪ ಕಮಾನನ್ನು ಕೆಳಗಿಟ್ಟ. ಹೇಳದೆ ಇರಲು ಇನ್ನು ಆಗಲಿಲ್ಲ.

"ಅವ್ವ, ನಾನ ಅವನಿಗೆ ಹಿಂದ ಕೂಡಂದೆ. ಕೈ ಬಿಡಬ್ಯಾಡ ಅಂದೆ. ಆಮ್ಯಾಲ ಇಬ್ಬರೂ ಬಿದ್ದಾಗ, ನಾ ಮೊದಲ ಇದನ್ನ ಮುಟ್ಟಿ ನೋಡಿದೆ. ಅವನ ಕಡಿ ಆಮ್ಯಾಲ ಹೋದೆ."

ಕಮಳಾಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮಾತಾಡಿದವಳು ವಿಶಾಖಾ.

"ಕಲ್ಲಿನಾಥ ಅವತ್ತೇ ಹೇಳ್ಯಾನ ನನಗ. ನಿಮ್ಮ ಬಾಯಿಂದ ಯಾವಾಗ ಬರ್ತದ ಅಂತ ದಾರಿ ನೋಡಾಕತ್ತಿದ್ದೆ."

"ಮೊದಲು ಹೋಗಿದ್ರೂ ಅವ ಉಳೀತಿರಲಿಲ್ಲ ಅಂತ ಡಾಕ್ಟರ್..."

"ಅದನ್ನ ನಾ ಕೇಳಿಲ್ಲ ಭಾವ" ಎಂದಳು ಅವಳು. ದನಿ ಏರಲಿಲ್ಲ. "ನಮ್ಮವರು ಆಗ ಕಣ್ಣು ತೆರದು ನೋಡಿದ್ರೆ ಏನ್ ಕಾಣತಿತ್ತು ಅಂತ ವಿಚಾರ ಮಾಡ್ತೀನಿ. ಅದೊಂದೇ ಬರ್ತದ ತಲ್ಯಾಗ."

ರತ್ನದೀಪ ಬಾಸ್ ಅನ್ನು ಗೋಡೆಗೆ ಒರಗಿಸಿದ.

"ಹುಮನಾಬಾದದ್ದು ರದ್ದು ಮಾಡಬ್ಯಾಡ್ರಿ" ಎಂದಳು ವಿಶಾಖಾ. "ಅವರು ಊರೂರು ತಿರುಗಿ ಮಂದಿನ ಕರೆದಾರ. ಅವರ ಮಾತು ಸುಳ್ಳಾಗಬಾರದು. ಹೋಗಿ ನುಡಸ್ರಿ. ಇದು ಮಾಫಿ ಅಲ್ಲ. ನುಡಿಸಿದ ಮ್ಯಾಲ ಹಾಂಗೇ ಹೈದರಾಬಾದಕ ಹೋಗ್ರಿ. ನಾ ಇರೋ ತನಕ ಈ ಮನಿಗೆ ಬರಬ್ಯಾಡ್ರಿ."

ರತ್ನದೀಪ ತಾಯಿಯ ಕಡೆ ನೋಡಿದ. ಕಮಳಾಬಾಯಿ ಸೊಸೆಯ ಕಂಕುಳಿನಿಂದ ಮಗುವನ್ನು ಇಳಿಸಿಕೊಂಡು ಒಳಗೆ ಹೋದಳು.

ರದ್ದು ಮಾಡುವುದು ಬೇಡವೆಂದು ರತ್ನದೀಪ ಉತ್ತಮನಿಗೆ ಮತ್ತೆ ಫೋನ್ ಮಾಡಿದ. ಹುಮನಾಬಾದಿನ ಸಭಾಭವನದಲ್ಲಿ, ಮುಂದೆ ಹಾಕಿದ್ದ ಆ ಭಾನುವಾರ ಸಂಜೆ, ನೂರಕ್ಕೂ ಹೆಚ್ಚು ಜನ ಬಂದಿದ್ದರು. ಹೆಚ್ಚಿನವರು ಹೊಲದಿಂದ ನೇರ ಬಂದ ಕೂಲಿಯವರು. ರತ್ನದೀಪ ಒಂಟಿಯಾಗಿ ಎರಡು ರಚನೆ ನುಡಿಸಿದ. ಆಮೇಲೆ ಉತ್ತಮನ ಪಿಟೀಲು, ಉಳಿದಿಬ್ಬರ ವಿಯೊಲಾ, ಚೆಲ್ಲೋ ಸೇರಿದವು. ಬಾಸ್ ಕೇಳುತ್ತಿತ್ತು, ಪಿಟೀಲು ಉತ್ತರಿಸುತ್ತಿತ್ತು. ಅವನು ನಿವೃತ್ತನಾದಾಗಿನಿಂದ ಬಯಸಿದ್ದು ಹಾಗೆಯೇ ನಡೆಯಿತು. ಅವನಿಗೆ ಏನೂ ಅನ್ನಿಸಲಿಲ್ಲ. ಅಳತೆ ತಪ್ಪದೆ, ಕೆಲಸದವನ ಹಾಗೆ, ಕೊನೆಯವರೆಗೂ ನುಡಿಸಿದ.

ಜನ ಎದ್ದು ಹೊರಡುವಾಗ ಹುಡಗಿ ಗ್ರಾಮದ ಮುದುಕಿಯೊಬ್ಬಳು ವೇದಿಕೆಯ ಹತ್ತಿರ ಬಂದಳು. ಹೆಸರು ಧೂಳಮ್ಮ. ಶೈಲೇಶನ ಜೊತೆ ಎರಡು ಸುಗ್ಗಿ ಕಬ್ಬು ಕಡಿದವಳು.

"ಅವ ಕರೆದಿದ್ದ, ಅದಕ ಬಂದೆ" ಎಂದಳು. "ಭಾಳ ಭಾರ ಅದ ಈ ಆವಾಜು. ಮುಂದಿನ ವರ್ಷನೂ ಮಾಡ್ತೀರೇನು?"

"ಇಲ್ರಿ" ಎಂದ ರತ್ನದೀಪ. ಅವಳ ಎದುರು ಎಲ್ಲವನ್ನೂ ಮತ್ತೆ ಹೇಳಬೇಕೆನಿಸಿತು. ಆದರೆ ಅವಳ ಜೊತೆಯವರು ಬಾಗಿಲಲ್ಲಿ ನಿಂತು ಕೂಗುತ್ತಿದ್ದರು, ಗಾಡಿ ಹೊರಡುವುದರಲ್ಲಿತ್ತು. ಅವಳು ಕೈ ಮುಗಿದು ಹೋದಳು.

ಈಗ ಅವನು ಹೈದರಾಬಾದಿನಲ್ಲಿ ಕಲಿಸುತ್ತಾನೆ. ವೇದಿಕೆ ಹತ್ತಿಲ್ಲ. ತಿಂಗಳಿಗೊಮ್ಮೆ ಕಮಳಾಬಾಯಿ ಫೋನ್ ಮಾಡುತ್ತಾಳೆ. ಮೊಮ್ಮಗಳು ನಡೆಯಾಕತ್ಯಾಳ, ವಿಶಾಖಾ ತೊಗರಿ ಕೊಯ್ಯಾಕ ಹೋಗ್ಯಾಳ, ಮೊಣಕಾಲು ಹಾಂಗೇ ಅದ ಎನ್ನುತ್ತಾಳೆ. ಮೊನ್ನೆ ಅವನು, "ಬರಲೇನು ಅವ್ವ, ಒಂದು ದಿನದ ಮಟ್ಟಿಗೆ?" ಎಂದು ಕೇಳಿದ.

ಅವಳು ಸ್ಪೀಕರ್ ಹಾಕಿದ್ದಳು, ಆ ಕಡೆ ವಿಶಾಖಾ ಪಾತ್ರೆ ತೊಳೆಯುವ ಸದ್ದು ಕೇಳಿಸುತ್ತಿತ್ತು. ಅದು ನಿಂತಿತು.

"ಇಡ್ತೀನಪ್ಪ" ಎಂದು ಕಮಳಾಬಾಯಿ ಫೋನ್ ಇಟ್ಟಳು.