ಐವತ್ತು ಚಮಚ ಮದ್ದು

ಶನಿವಾರ ಬೆಳಿಗ್ಗೆ ಎಂಟೂವರೆಗೆ ಡೆಲ್ಮರ್ ಗೆಳೆಯ ಆರ್ವಿಡ್‌ನ ಮನೆ ಬಾಗಿಲು ತಟ್ಟದೆ ಒಳಗೆ ಬಂದ. ನಲವತ್ತು ವರ್ಷದಿಂದ ತಟ್ಟದವನು ಇವತ್ತು ತಟ್ಟುತ್ತಾನೆಯೇ? ಟೋಪಿಯನ್ನು ಫ್ರಿಜ್ಜಿನ ಮೇಲೆ ಎಸೆದು, ಆರ್ವಿಡ್‌ನ ಎದುರಿನ ಕುರ್ಚಿ ಎಳೆದುಕೊಂಡು ಕೂತ. ಆರ್ವಿಡ್‌ನ ಹೆಂಡತಿ ಲವಾನ್ ಕೇಳದೆಯೇ ಕಾಫಿ ಬಗ್ಗಿಸಿ, ದಾಲ್ಚಿನ್ನಿ ರೋಲಿನ ತಟ್ಟೆಯನ್ನು ಅವನ ಮುಂದೆ ತಳ್ಳಿದಳು.

"ಏನೋ ಮುದುಕಪ್ಪಾ, ಬಂದೂಕಿನ ತೋಟಾಕ್ಕೆ ಮದ್ದು ಹಾಕೋದನ್ನೇ ಮರೆತುಬಿಟ್ಯಲ್ಲೋ!" ಎಂದ ಡೆಲ್ಮರ್, ರೋಲು ಅಗಿಯುತ್ತಲೇ.

"ಏನಂದೆ?"

"ನೀನು ಮಾಡಿಕೊಟ್ಟ ಹೊಸ ಡಬ್ಬಿ ತೋಟಾ ಇತ್ತಲ್ಲ, ನಿನ್ನೆ ಸಂಜೆ ಬಿಚ್ಚಿ ಹನ್ನೆರಡು ಹೊಡೆದೆ. ಹನ್ನೊಂದು ಢಂ ಅಂತು, ಹನ್ನೆರಡನೇದು ಟುಸ್. ಬರೀ ತಳದ ಕೇಪು ಸಿಡಿದಿದ್ದು, ಒಳಗೆ ಒಂದು ಕಾಳು ಮದ್ದಿಲ್ಲ! ಗುಂಡು ಹೋಗಿ ನಳಿಗೆ ಮಧ್ಯ ಕೂತ್ಕೊಂಡಿತ್ತು. ಕೋಲು ಹಾಕಿ ಕುಟ್ಟಿ ಕುಟ್ಟಿ ತೆಗೆದೆ. ಆರ್ವಿಡ್ ಟ್ವೆಟ್‌ನ ತೋಟಾ ಟುಸ್ ಅಂತ ಶೂಟಿಂಗ್ ಕ್ಲಬ್ಬಲ್ಲಿ ಸಾರದೆ ಬಿಡ್ತೀನಾ ನಾನು?"

ಲವಾನ್ ನಕ್ಕಳು. ಆರ್ವಿಡ್ ಕೂಡ ನಕ್ಕ, ನಗದಿದ್ದರೆ ಚೆನ್ನಾಗಿರುವುದಿಲ್ಲ ಎಂದು. ಆದರೆ ಅವನ ತಲೆಯೊಳಗೆ ಬೇರೆಯೇ ಲೆಕ್ಕ ಶುರುವಾಗಿತ್ತು.

ಯಾಕೆಂದರೆ ಅವನು ಬುಧವಾರ ಮಧ್ಯಾಹ್ನ ಆ ಐವತ್ತು ತೋಟಾ ಮಾಡಿದ್ದು ಎಣಿಸಿಕೊಂಡೇ. ಮರದ ಹಲಗೆಯ ಐವತ್ತು ತೂತುಗಳಲ್ಲಿ ಐವತ್ತು ಹಿತ್ತಾಳೆ ಕೊಳವೆಗಳನ್ನು ನಿಲ್ಲಿಸಿದ್ದ. ಎಡಗಡೆಯ ಬಟ್ಟಲಲ್ಲಿ ಐವತ್ತು ಒಣ ಬೀನ್ಸ್ ಕಾಳು. ಒಂದು ಕೊಳವೆಗೆ ಒಂದು ಪುಟ್ಟ ಚಮಚ ಮದ್ದು ಸುರಿದ ಕೂಡಲೇ ಒಂದು ಕಾಳನ್ನು ಬಲಗಡೆಯ ಬಟ್ಟಲಿಗೆ ಹಾಕುವುದು. ಕೊನೆಗೆ ಎಡಗಡೆಯ ಬಟ್ಟಲು ಖಾಲಿ. ಹಾಸಿದ ಕಾಗದವನ್ನು ಅಂಗೈಯಲ್ಲಿ ಸವರಿ ನೋಡಿದ್ದ, ಒಂದು ಚೂರೂ ಚೆಲ್ಲಿರಲಿಲ್ಲ. ಐವತ್ತು ಕೊಳವೆ, ಐವತ್ತು ಚಮಚ. ಹಾಗಿದ್ದಮೇಲೆ ಒಂದು ಕೊಳವೆ ಖಾಲಿ ಬಂತು ಎಂದರೆ ಅದರ ಪಾಲು ಎಲ್ಲಿಗೆ ಹೋಯಿತು? ಪಕ್ಕದ್ದಕ್ಕೆ ಹೋಯಿತು. ಎಲ್ಲೋ ಒಂದರಲ್ಲಿ ಎರಡು ಚಮಚ ಕೂತಿದೆ.

ಹೊಡೆದ ಹನ್ನೊಂದರಲ್ಲಿ ಅದಿರಲಿಲ್ಲ. ಇದ್ದಿದ್ದರೆ ಡೆಲ್ಮರ್ ಈಗ ಆ ಕೈಯಲ್ಲಿ ರೋಲು ತಿನ್ನುತ್ತಿರಲಿಲ್ಲ. ಅವನದು ಅವನ ತಾತನ ಕಾಲದ ರಿವಾಲ್ವರ್. ಎರಡು ಪಾಲು ಮದ್ದಿಗೆ ಅದರ ತೋಟಾ ತುಂಬುವ ಉರುಳೆ ಹೋಳಾಗಿ ಹಾರುತ್ತದೆ. ಬೆರಳಷ್ಟೇ ಹೋದರೆ ಪುಣ್ಯ, ಕಣ್ಣು ಹೋಗದಿದ್ದರೆ ಇನ್ನೂ ಪುಣ್ಯ. ಉಳಿದ ಮೂವತ್ತೆಂಟು ತೋಟಾ ಹೊರಗೆ ಅವನ ಪಿಕಪ್ ಗಾಡಿಯ ಸೀಟಿನ ಮೇಲಿವೆ. ಕ್ಲಬ್ಬಿನ ಗುರಿ ಹೊಡೆಯುವ ಪಂದ್ಯ ಇವತ್ತು ಹತ್ತು ಗಂಟೆಗೆ.

ಹೇಳಿಬಿಡಬಹುದಿತ್ತಲ್ಲ, ಒಂದೇ ಮಾತು? ಹೇಳಿದರೆ ಮುಂದಿನ ಪ್ರಶ್ನೆ ಬರುತ್ತದೆ: ಗುಂಡು ಕೂರಿಸುವ ಮುಂಚೆ ಟಾರ್ಚ್ ಹಿಡಿದು ಐವತ್ತೂ ಕೊಳವೆಯೊಳಗೆ ನೋಡಲಿಲ್ಲವೇ? ಆರ್ವಿಡ್ ನೋಡಿದ್ದ. ಆದರೆ ಒಂದೂವರೆ ವರ್ಷದಿಂದ ಅವನು ಏನನ್ನೇ ನೇರವಾಗಿ ನೋಡಿದರೂ ನಟ್ಟನಡುವೆ ಬೂದಿಬಣ್ಣದ ಕಲೆ. ಸುತ್ತ ಕಾಣುತ್ತದೆ, ಮಧ್ಯ ಇಲ್ಲ. ವಾಸಿಯಾಗುವುದಲ್ಲ ಎಂದು ಡಾಕ್ಟರು ಹೇಳಿದ್ದನ್ನು ಅವನು ಮನೆಗೆ ಬಂದು "ಕನ್ನಡಕ ಬದಲಾಯಿಸಬೇಕಂತೆ" ಎಂದು ಮುಗಿಸಿದ್ದ. ಕಾರು ಓಡಿಸುವುದನ್ನು ಬಿಟ್ಟಿದ್ದಕ್ಕೆ ಮಂಡಿನೋವು ನೆಪವಾಯಿತು. ತಾನು ಗುರಿ ಹೊಡೆಯುವುದನ್ನು ಬಿಟ್ಟಿದ್ದಕ್ಕೂ ಅದೇ ಮಂಡಿ. ಉಳಿದಿದ್ದದ್ದು ಒಂದೇ, ಡೆಲ್ಮರ್‌ಗೆ ತೋಟಾ ಮಾಡಿಕೊಡುವುದು. ಅದೂ ಹೋದರೆ ಎದುರಿನ ಗೋಧಿ ಗೋದಾಮಿನ ಗೋಡೆಯನ್ನು ಕಿಟಕಿಯಿಂದ ನೋಡುತ್ತಾ ಕೂರಬೇಕು, ಆ ಗೋಡೆಯೂ ಅರ್ಧವೇ ಕಾಣುತ್ತದೆ.

ಇದಕ್ಕಿಂತ ಹೊಲಸಾದ ಸಂಗತಿ ಇನ್ನೊಂದಿತ್ತು, ಅದು ಅವನೊಬ್ಬನಿಗೇ ಗೊತ್ತಿತ್ತು. ಮೂವತ್ತು ವರ್ಷ ಪ್ರತಿ ವಸಂತದಲ್ಲೂ ಕ್ಲಬ್ಬಿಗೆ ಬರುವ ಹೊಸಬರಿಗೆ ಪಾಠ ಹೇಳಿದವನು ಅವನೇ. "ಎರಕದ ಸೀಸದ ಗುಂಡಿಗೆ ಮದ್ದು ಆರಿಸೋವಾಗ ದೊಡ್ಡ ಕಾಳಿಂದು, ಹಗುರದ್ದು, ಕೊಳವೆ ತುಂಬೋ ಅಂಥದ್ದು ಆರಿಸ್ರಪ್ಪ. ಮರೆತು ಎರಡು ಸಲ ಹಾಕಿದ್ರೆ ಉಕ್ಕಿ ಮೇಜಿನ ಮೇಲೆ ಚೆಲ್ಲಬೇಕು. ಚೆಲ್ಲೋ ಮದ್ದು ನಿಮ್ಮ ಕೈ ಕಾಯುತ್ತೆ," ಎನ್ನುತ್ತಿದ್ದ. ಹೋದ ಶರತ್ಕಾಲದವರೆಗೆ ತಾನೂ ಅದನ್ನೇ ಹಾಕುತ್ತಿದ್ದ. ಆಮೇಲೆ ಅದು ಮೂರು ಸಲ ಚೆಲ್ಲಿತು. ಮೂರನೆಯ ಸಲ ಲವಾನ್ ಪೊರಕೆ ಹಿಡಿದು, "ಇದೇನೋ ಇದು, ಮೆಣಸು ಕುಟ್ಟಿದ ಹಾಗೆ ಮೇಜಿನ ತುಂಬಾ?" ಎಂದಳು. ಮರುವಾರವೇ ಅವನು ಡೆಲ್ಮರ್ ಕೈಯಲ್ಲಿ ಬೇರೆ ಮದ್ದು ತರಿಸಿದ. ಅದು ನುಣ್ಣನೆಯದು, ಭಾರದ್ದು. ಚಿಟಿಕೆಯಷ್ಟು ಸಾಕು, ಉದ್ದನೆಯ ಕೊಳವೆಯ ತಳದಲ್ಲಿ ಮಲಗಿಬಿಡುತ್ತದೆ. ಎರಡು ಪಾಲು ಹಾಕಿದರೂ ಸೊಲ್ಲೆತ್ತುವುದಿಲ್ಲ. ಉಳಿತಾಯ ಎಂದು ಡೆಲ್ಮರ್‌ಗೆ ಹೇಳಿದ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ! ಬಾಯಿ ಬಿಡದ ಮದ್ದು ಬೇಕಿತ್ತು ಅವನಿಗೆ, ಆರಿಸಿಕೊಂಡ.

ಈಗ ಬಿಸಿತುಪ್ಪ ಬಾಯಲ್ಲಿತ್ತು, ಉಗುಳುವಂತಿಲ್ಲ, ನುಂಗುವಂತಿಲ್ಲ.

"ಆ ಡಬ್ಬಿ ಇಲ್ಲೇ ಬಿಟ್ಟು ಹೋಗು," ಎಂದ ಆರ್ವಿಡ್. "ನೋಡಿ ಕೊಡ್ತೀನಿ."

"ಬಿಟ್ಟು ಹೋಗಿ ಪಂದ್ಯದಲ್ಲಿ ಏನು ಹೊಡೀಲಿ, ಕಲ್ಲಾ?"

"ಯಾರ ಹತ್ರಾನಾದ್ರೂ ಇಸ್ಕೋ."

"ನನ್ನ ಬಂದೂಕಿಗೆ ನಿನ್ನ ಕೈರುಚಿ ಅಭ್ಯಾಸ ಆಗಿದೆ ಕಣೋ. ಬೇರೆಯವರ ಅಡುಗೆ ಹಿಡಿಸಲ್ಲ."

"ಹಂಗಲ್ಲ, ಇನ್ನೊಂದು ಹೀಗೇ ಆದ್ರೆ..."

"ಆದ್ರೆ ಕೋಲು ಇಟ್ಕೊಂಡಿದ್ದೀನಿ. ಅಷ್ಟು ಚಿಂತೆ ಆದ್ರೆ ತಕ್ಕಡೀಲಿ ಇಟ್ಟು ತೂಗಿ ನೋಡೋಣ, ತಗೊಂಡು ಬರಲಾ?"

"ತೂಗಿದ್ರೆ ಗೊತ್ತಾಗಲ್ಲ. ಎರಕದ ಗುಂಡು ಒಂದೊಂದು ಒಂದೊಂದು ತೂಕ ಇರುತ್ತೆ. ಅದರ ಹೆಚ್ಚುಕಡಿಮೇಲಿ ಚಿಟಿಕೆ ಮದ್ದು ಮುಚ್ಚಿಹೋಗುತ್ತೆ."

"ನೋಡು, ಗುರುಗಳು ಪಾಠ ಶುರು ಮಾಡಿದ್ರು!" ಎಂದು ಡೆಲ್ಮರ್ ಲವಾನ್ ಕಡೆ ಕಣ್ಣು ಮಿಟುಕಿಸಿದ. "ಲೇ, ಒಂದು ಟುಸ್ ಆದ್ರೆ ಆಕಾಶ ಬೀಳುತ್ತಾ? ಅದು ಯಾಕೆ ಹಂಗಾಯ್ತು ಅಂತ ಮಾತ್ರ ಹೇಳು."

ಇದೋ, ಬಾಗಿಲು ತೆರೆದಿತ್ತು. ದಾಟಿದ್ದರೆ ಆಗಿತ್ತು. ಆರ್ವಿಡ್ ಕಾಫಿ ಲೋಟದೊಳಗೆ ನೋಡಿದ, ಅಲ್ಲೂ ಬೂದಿಬಣ್ಣ.

"ಆ ಒಂದು ಕೊಳವೆ ಪಾಲು ಕೈತಪ್ಪಿ ಚೆಲ್ಲಿತ್ತು," ಎಂದ. "ಗುಡಿಸಿ ಎಸೆದೆ. ಮತ್ತೆ ಹಾಕೋದು ಮರೆತಿರಬೇಕು."

"ಹಂಗೆ ಹೇಳು ಮತ್ತೆ!" ಎಂದು ಡೆಲ್ಮರ್ ನಿರಾಳವಾಗಿ ಇನ್ನೊಂದು ರೋಲು ಎತ್ತಿಕೊಂಡ. ತಪ್ಪಿಸಿಕೊಳ್ಳಲು ಹೇಳಿದ ಸುಳ್ಳು ಇನ್ನೊಂದು ಚಿಲಕ ಹಾಕಿತು. ಡೆಲ್ಮರ್ ಇನ್ನೂ ಹತ್ತು ನಿಮಿಷ ಕೂತು ಅಳಿಯನ ಕೋಣದಂಥ ನಾಯಿಯ ಕಥೆ ಹೇಳಿದ. ಆರ್ವಿಡ್ ಒಂದಕ್ಷರ ಕೇಳಿಸಿಕೊಳ್ಳಲಿಲ್ಲ. ಆಮೇಲೆ ಡೆಲ್ಮರ್ ಟೋಪಿ ಹಾಕಿಕೊಂಡು ಹೋದ, ಪಿಕಪ್ಪು ಜಲ್ಲಿಯ ಮೇಲೆ ಕರಕರ ಸದ್ದು ಮಾಡುತ್ತಾ ರಸ್ತೆಗಿಳಿಯಿತು.

ಒಂಬತ್ತೂವರೆ ದಾಟಿದರೂ ಆರ್ವಿಡ್ ಕೂತಲ್ಲೇ ಕೂತಿದ್ದ. ಪಂದ್ಯಕ್ಕೆ ಬೇಕಾದದ್ದು ಮೂವತ್ತು ತೋಟಾ, ಇರುವುದು ಮೂವತ್ತೆಂಟು. ಎಂಟು ಉಳಿಯುತ್ತದೆ. ಆ ಎಂಟರಲ್ಲೇ ಅದಿರಬಹುದಲ್ಲ. ಹೀಗೆ ಲೆಕ್ಕ ಹಾಕುತ್ತಿದ್ದವನಿಗೆ ತಾನು ಗೆಳೆಯನ ಕಣ್ಣನ್ನು ಲಾಟರಿಗೆ ಹಚ್ಚಿದ್ದೇನೆ ಎಂದು ಹೊಳೆಯಿತು. ಥೂ, ಎಂಥ ಮನುಷ್ಯ ನಾನು!

"ಲವಾನ್, ಕಾರಿನ ಕೀ ತಗೋ."

"ಯಾಕೆ? ನಿನ್ನ ಮಂಡಿ..."

"ಮಂಡಿಗೆ ಏನೂ ಆಗಿಲ್ಲ. ನಂಗೆ ಕಣ್ಣು ಕಾಣಲ್ಲ. ಡೆಲ್ಮರ್‌ನ ಡಬ್ಬೀಲಿ ಒಂದು ತೋಟಾಕ್ಕೆ ಎರಡು ಪಾಲು ಮದ್ದು ಬಿದ್ದಿದೆ. ಬೇಗ!"

ಅವಳು ಕೈಯಲ್ಲಿದ್ದ ಬಟ್ಟೆಯನ್ನು ಅಲ್ಲೇ ಹಾಕಿ ಓಡಿದಳು. ಫೋನು ಮಾಡೋಣವೆಂದರೆ ಗುರಿ ಮೈದಾನವಿರುವ ಆ ಕಣಿವೆಯಲ್ಲಿ ಸಿಗ್ನಲ್ಲು ಯಾವತ್ತೂ ಸಿಕ್ಕಿದ್ದಿಲ್ಲ. ಊರು ದಾಟುತ್ತಲೇ ಅವಳು ಕಾರಿನ ವೇಗ ಹೆಚ್ಚಿಸಿದಳು.

"ಕಣ್ಣಿನ ವಿಷಯ ನಂಗೆ ಗೊತ್ತಿಲ್ಲ ಅಂದ್ಕೊಂಡ್ಯಾ?" ಎಂದಳು ಆಮೇಲೆ. "ಒಂದು ವರ್ಷದಿಂದ ನನ್ನ ಕಿವಿ ನೋಡ್ಕೊಂಡು ಮಾತಾಡ್ತಿದ್ದೀಯ. ನೀನಾಗೇ ಹೇಳ್ತೀಯ ಅಂತ ಕಾದೆ, ಪೆದ್ದಿ ನಾನು. ಚೆಲ್ಲೋ ಮದ್ದು ಹಾಕ್ತಾನೆ, ತಪ್ಪಿದ್ರೂ ಗೊತ್ತಾಗುತ್ತೆ ಅಂತ ಧೈರ್ಯದಲ್ಲಿದ್ದೆ."

"ಅದನ್ನ ಬಿಟ್ಟೆ."

"ಯಾವಾಗ?"

"ನೀನು ಗುಡಿಸಿದ ಮೇಲೆ."

ಮುಂದೆ ಹುಲ್ಲಿನ ಲಾರಿಯೊಂದು ರಸ್ತೆಯಷ್ಟೇ ಅಗಲವಾಗಿ, ಅವಸರವೇ ಇಲ್ಲದೆ ಹೋಗುತ್ತಿತ್ತು. ಲವಾನ್ ಹಾರ್ನ್ ಒತ್ತಿದಳು. ಲಾರಿಯವನು ಕಿಟಕಿಯಿಂದ ಕೈ ಬೀಸಿ ನಮಸ್ಕಾರ ಹೇಳಿದ, ಪುಣ್ಯಾತ್ಮ. ಆರು ಮೈಲಿ ಹಾಗೇ. ಆರ್ವಿಡ್ ಸೀಟಿನ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಹತ್ತು ಗಂಟೆಯಾಯಿತೇ ಎಂದು ಕೇಳುವ ಧೈರ್ಯವೂ ಇಲ್ಲದೆ ಕೂತಿದ್ದ. ಕೊನೆಯ ತಿರುವಿನಲ್ಲಿ ಅವಳು ಕಿಟಕಿ ಇಳಿಸಿದಳು. ಢಂ ಎಂದಿತು. ಸ್ವಲ್ಪ ಬಿಟ್ಟು ಇನ್ನೊಂದು ಢಂ. ಪಂದ್ಯ ಶುರುವಾಗಿತ್ತು.

ಕಾರು ಪೂರ್ತಿ ನಿಲ್ಲುವ ಮುಂಚೆಯೇ ಅವನು ಇಳಿದ. ಎದುರಿಗೆ ಮಸುಕು ಮಸುಕು ಮನುಷ್ಯರು, ಯಾರು ಯಾರೋ ತಿಳಿಯದು. ಆ ಮೈದಾನದಲ್ಲಿ ಒಂದು ಕಟ್ಟಳೆಯಿದೆ. ಯಾರು ಬೇಕಾದರೂ 'ನಿಲ್ಲಿಸಿ' ಎಂದು ಕೂಗಬಹುದು, ದಾರಿಹೋಕನೂ ಕೂಗಬಹುದು. ಕೂಗು ಕೇಳಿದ ಕ್ಷಣ ಎಲ್ಲರೂ ಬಂದೂಕು ಕೆಳಗಿಟ್ಟು ಹಿಂದಕ್ಕೆ ಸರಿಯಬೇಕು. ಯಾಕೆ ಎಂದು ಆಮೇಲೆ ಕೇಳುವುದು.

"ನಿಲ್ಸಿ! ನಿಲ್ಸ್ರೋ!"

ಸದ್ದು ಕತ್ತರಿಸಿದಂತೆ ನಿಂತಿತು. ಮೇಜಿನ ಮೇಲೆ ಬಂದೂಕುಗಳನ್ನಿಡುವ ಟಕಟಕ ಕೇಳಿಸಿತು. ಕಿವಿಯ ಮುಚ್ಚಳ ತೆಗೆದು ಇಪ್ಪತ್ತು ಜನ ಅವನ ಕಡೆ ತಿರುಗಿದರು.

"ಆರ್ವಿಡ್? ಏನಾಯ್ತೋ?" ಡೆಲ್ಮರ್‌ನ ದನಿ. ಸದ್ಯ, ಇಡಿಯಾಗಿದ್ದ.

"ಐವತ್ತು ಕೊಳವೆಗೆ ಐವತ್ತು ಚಮಚ ಹಾಕಿದ್ದೀನಿ. ಒಂದು ಖಾಲಿ ಬಂತು. ಅಂದ್ರೆ ಒಂದರಲ್ಲಿ ಎರಡಿದೆ," ಎಂದ ಆರ್ವಿಡ್. ಗಟ್ಟಿಯಾಗಿಯೇ ಹೇಳಿದ, ಎಲ್ಲರಿಗೂ ಕೇಳುವ ಹಾಗೆ. "ನಂಗೆ ಕಣ್ಣು ಕಾಣಲ್ಲ. ಒಂದೂವರೆ ವರ್ಷ ಆಯ್ತು."

ಒಬ್ಬರು ಕ್ಲಬ್ಬಿನ ಶೆಡ್ಡಿನಿಂದ ಗುಂಡು ಬಿಡಿಸುವ ಸುತ್ತಿಗೆ ತಂದುಕೊಟ್ಟರು. ಡೆಲ್ಮರ್ ಐದು ಹೊಡೆದಿದ್ದ, ಮೂವತ್ತಮೂರು ಉಳಿದಿದ್ದವು. ಅವನೇ ಪಿಕಪ್ಪಿನ ಹಿಂಬಾಗಿಲು ಇಳಿಸಿ, ಒಂದೊಂದೇ ತೋಟಾವನ್ನು ಸುತ್ತಿಗೆಯ ತಲೆಯೊಳಗೆ ಸಿಕ್ಕಿಸಿ, ಮರದ ದಿಮ್ಮಿಯ ಮೇಲೆ ಬಡಿದು, ಗುಂಡು ಕಳಚಿ, ಮದ್ದನ್ನು ಅಂಗೈಗೆ ಸುರಿದು ನೋಡತೊಡಗಿದ. ಒಂದು ಪಾಲು. ಒಂದು ಪಾಲು. ಒಂದು ಪಾಲು. ಲವಾನ್ ಪಕ್ಕದಲ್ಲಿ ನಿಂತು ಎಣಿಸುತ್ತಿದ್ದಳು. ಹತ್ತೊಂಬತ್ತನೆಯದು ಬಡಿದಾಗ ಅವಳ ಎಣಿಕೆ ನಿಂತಿತು.

ಡೆಲ್ಮರ್ ಅಂಗೈಯನ್ನು ಆರ್ವಿಡ್‌ನ ಮುಂದೆ ಚಾಚಿದ. ಆರ್ವಿಡ್ ಹೆಬ್ಬೆರಳಲ್ಲಿ ಮುಟ್ಟಿ ನೋಡಿದ. ಎರಡು ಪಾಲು.

"ನೀನು ನಮಗೆಲ್ಲ ಚೆಲ್ಲೋ ಮದ್ದು ಆರಿಸಿ ಅಂತ ಹೇಳಿಕೊಟ್ಟೋನು," ಎಂದ ಡೆಲ್ಮರ್ ಮೆಲ್ಲಗೆ. "ಇದನ್ನ ಉಳಿತಾಯ ಅಂದೆ. ನಾನೇ ಹೋಗಿ ತಂದ್ಕೊಟ್ಟೆ."

"ಅದು ಚೆಲ್ತಿತ್ತು, ಡೆಲ್ಮರ್. ಮೂರು ಸಲ ಚೆಲ್ತು. ಲವಾನ್‌ಗೆ ಗೊತ್ತಾಗ್ತಿತ್ತು."

"ಅದಕ್ಕೇ ಇದು."

"ಹೂಂ."

ಡೆಲ್ಮರ್ ಬೈಯಲಿಲ್ಲ. ಬೈದಿದ್ದರೆ, ಮುದುಕಪ್ಪಾ ಎಂದಿದ್ದರೆ, ಆರ್ವಿಡ್ ಅಲ್ಲೇ ಕುಸಿದು ಅತ್ತುಬಿಡುತ್ತಿದ್ದ. ಡೆಲ್ಮರ್ ಅಂಗೈಯ ಮದ್ದನ್ನು ಜಲ್ಲಿಯ ಮೇಲೆ ಉದುರಿಸಿ, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಮುಂದಿನ ತೋಟಾ ಎತ್ತಿಕೊಂಡ. ಸಿಕ್ಕಬೇಕಾದದ್ದು ಸಿಕ್ಕಿಯಾಗಿತ್ತು, ಆದರೂ ಇನ್ನುಳಿದ ಹದಿನಾಲ್ಕನ್ನೂ ಒಂದೊಂದಾಗಿ ಬಡಿದು ಬಿಡಿಸಿದ. ಅವನ ಮುಖ ಹೇಗಿದೆಯೆಂದು ತಿಳಿಯಲು ಆರ್ವಿಡ್ ತನ್ನ ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ ಕಣ್ಣಂಚಿನಿಂದ ಹುಡುಕಿದ, ಟೋಪಿಯ ಅಂಚಷ್ಟೇ ಸಿಕ್ಕಿತು.

ಕೊನೆಯದನ್ನೂ ಮುಗಿಸಿ ಡೆಲ್ಮರ್ ಸುತ್ತಿಗೆ ಕೆಳಗಿಟ್ಟ.

"ಬೆಳಿಗ್ಗೆ ಅರ್ಧ ಗಂಟೆ ನಿನ್ನ ಎದುರಿಗೇ ಕೂತಿದ್ದೆ ಕಣೋ," ಎಂದ.