ಮೂವತ್ತೊಂದು ಜನರ ಒಂದೇ ನಂಬರು

ಕಂಪ್ಯೂಟರಿಗೆ ಸಂಶಯ ಬಂದರೆ ಸಾಲುಗಳು ಕೆಂಪಾಗುತ್ತವೆ. ನನ್ನ ಎರಡು ವರ್ಷದ ದುಡಿಮೆಯಲ್ಲಿ ಒಬ್ಬೊಬ್ಬರಿಗೆ ಒಂದರಂತೆ ಇದ್ದ ಐವತ್ತೆರಡು ಸಾಲುಗಳಲ್ಲಿ ಮೂವತ್ತೊಂದು ಕೆಂಪಾಗಿ, ಆ ಹಾಳೆ ನೇರವಾಗಿ ಪರಿಶೀಲನಾ ಸಮಿತಿಯ ಅಧ್ಯಕ್ಷರ ಮೇಜಿಗೆ ಹೋಯಿತು. ಅವರು ಸಂಖ್ಯಾಶಾಸ್ತ್ರದ ಹಿರಿಯ ಪ್ರೊಫೆಸರ್. ಎಂಟೂವರೆ ಅನ್ನಬೇಕಾದ ಕಡೆ ಎಂಟು ಬಿಂದು ಐದು ಅನ್ನುವವರಾದ್ದರಿಂದ ಬೆನ್ನ ಹಿಂದೆ ನಾವೆಲ್ಲ ಅವರನ್ನು ದಶಮಾಂಶ ಎಂದು ಕರೆಯುತ್ತೇವೆ. ದಶಮಾಂಶದವರು ನನಗೆ ಎರಡು ಸಾಲಿನ ಪತ್ರ ಬರೆದರು. ಈ ಮೂವತ್ತೊಂದು ಜನ ನಿಜವಾಗಿ ಇದ್ದಾರೆ ಎಂದು ತೋರಿಸಲು ಹೆಸರು, ವಿಳಾಸದ ಪಟ್ಟಿ ಕೊಡಿ, ಇಲ್ಲವೇ ಅವರನ್ನು ಅಳಿಸಿಹಾಕಿ ಎಂದು.

ನಾನು ಸಮಾಜಕಾರ್ಯ ವಿಭಾಗದಲ್ಲಿ ಇಪ್ಪತ್ತನಾಲ್ಕು ವರ್ಷದಿಂದ ಪಾಠ ಹೇಳುತ್ತಿದ್ದೇನೆ. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಹೆಸರು ಪಡೆದವಳು, ಸುಳ್ಳು ಹೆಸರೇನಲ್ಲ. ಈ ಊರಿನ ಟ್ರಾನ್ಸ್‌ಜೆಂಡರ್ ಜನ, ಅವರ ಜೊತೆಗೆ ತಾವು ಗಂಡೂ ಅಲ್ಲ ಹೆಣ್ಣೂ ಅಲ್ಲ ಎನ್ನುವವರು, ಹೇಗಿದ್ದಾರೆ ಎಂದು ಕೇಳಿ ಬರೆಯುವುದು ನನ್ನ ಅಧ್ಯಯನ. ನಿದ್ದೆ ಬರುತ್ತದಾ, ಡಾಕ್ಟರು ಮುಟ್ಟಿ ನೋಡುತ್ತಾರಾ, ಬಾಡಿಗೆಗೆ ಮನೆ ಸಿಗುತ್ತದಾ, ಕಳೆದ ವಾರ ಯಾವುದಕ್ಕೆ ನಕ್ಕಿರಿ, ಇಂಥವು. ಹದಿನೇಳನೆಯ ಪ್ರಶ್ನೆ ಮಾತ್ರ ಸಮಿತಿಯವರೇ ಹೇಳಿ ಸೇರಿಸಿದ್ದು. ಮಾತಾಡುತ್ತಾ ಯಾರಾದರೂ ಕುಸಿದುಬಿಟ್ಟರೆ ನಾವು ಯಾರನ್ನು ಕರೆಯಬೇಕು, ಅವರು ನಿಮಗೆ ಏನಾಗಬೇಕು, ಫೋನ್ ನಂಬರೇನು.

ಮೂವತ್ತೊಂದು ಜನ ಬೇರೆ ಬೇರೆ ಬೀದಿಗಳಲ್ಲಿ, ಬೇರೆ ಬೇರೆ ತಿಂಗಳುಗಳಲ್ಲಿ, ಒಬ್ಬರನ್ನೊಬ್ಬರು ಕೇಳದೆ ಒಂದೇ ನಂಬರು ಹೇಳಿದ್ದರು. ಸಂಬಂಧ ಮಾತ್ರ ಬೇರೆ ಬೇರೆ. ಒಂಬತ್ತು ಜನರಿಗೆ ಅಮ್ಮ, ಏಳು ಜನರಿಗೆ ಅಕ್ಕ, ಆರು ಜನರಿಗೆ ಅತ್ತೆ, ನಾಲ್ವರಿಗೆ ಗೆಳತಿ, ಇಬ್ಬರಿಗೆ ಮನೆ ಓನರು, ಇಬ್ಬರಿಗೆ ಟೈಲರು. ಉಳಿದ ಒಬ್ಬ ಲಾರಿ ಡ್ರೈವರ್ "ಏನೂ ಆಗ್ಬೇಕಿಲ್ಲ, ಆದ್ರೆ ಬರ್ತಾಳೆ" ಎಂದು ಬರೆಸಿದ್ದ.

"ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಮೇಡಂ?" ಎಂದರು ದಶಮಾಂಶದವರು, ನಾನು ಪತ್ರ ಹಿಡಿದು ಅವರ ಕೋಣೆಗೆ ಹೋದಾಗ. "ಒಬ್ಬಳೇ ಹೆಂಗಸು ಒಂಬತ್ತು ಜನಕ್ಕೆ ಅಮ್ಮ, ಆರು ಜನಕ್ಕೆ ಅತ್ತೆ ಹೇಗಾಗ್ತಾಳೆ? ಯಾರೋ ಒಬ್ಬರೇ ಕೂತು ತುಂಬಿದ ಫಾರಂ ಇವು. ನಿಮಗೆ ಮೋಸ ಆಗಿದೆ. ಇಲ್ಲಾ..."

ಇಲ್ಲಾ ಎಂದ ಮೇಲೆ ಏನಿತ್ತೋ ಅದನ್ನು ಅವರು ನುಂಗಿಕೊಂಡರು. ನಾನು ನುಂಗಿಕೊಳ್ಳಲಿಲ್ಲ. "ಇಲ್ಲಾ ನಾನೇ ಮೋಸ ಮಾಡಿದೀನಿ ಅಂತೀರಾ? ಬಾಯ್ಬಿಟ್ಟು ಹೇಳಿ ಸರ್, ಕೇಳಿಸ್ಕೊಳ್ತೀನಿ," ಎಂದು ಬಾಗಿಲು ಸ್ವಲ್ಪ ಜೋರಾಗಿಯೇ ಹಾಕಿ ಬಂದೆ.

ಆ ನಂಬರು ಟೈಲರಮ್ಮನದು. ಮೆಟ್ಟಿಲ ಕೆಳಗಿನ ಅಂಗಡಿ, ಒಂದು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಪೆಟ್ಟಿಗೆ, ಪರದೆ ಎಳೆದರೆ ಒಬ್ಬರು ನಿಲ್ಲುವಷ್ಟು ಜಾಗ. ವಯಸ್ಸು ಅರವತ್ತರ ಆಸುಪಾಸು. "ಆಸ್ಪತ್ರೆಯವ್ರು ಅವಸರದಲ್ಲಿ ಗಂಡು ಅಂತ ಬರೆದುಬಿಟ್ರು, ತಿದ್ದೋಕೆ ನಂಗೆ ಮೂವತ್ತು ವರ್ಷ ಬೇಕಾಯ್ತು," ಎನ್ನುತ್ತಾಳೆ. ಹೊಸ ಬಟ್ಟೆ ಹೊಲಿಯುವುದಕ್ಕಿಂತ ಹಳೆಯದನ್ನು ಬಿಚ್ಚಿ ಕಟ್ಟುವ ಕೆಲಸವೇ ಅವಳಿಗೆ ಜಾಸ್ತಿ. ಯಾರದೋ ಹಳೇ ಕೋಟು ತಂದವರಿಗೆ ಭುಜ ಏರಿಸಿ, ಎದೆ ಸಮ ಮಾಡಿ ಕೊಡುತ್ತಾಳೆ. ಕೊಂಡು ತಂದ ಲಂಗ ಸೊಂಟದಲ್ಲಿ ನಿಲ್ಲದವರಿಗೆ ಒಳಗೊಂದು ಪಟ್ಟಿ ಕೊಟ್ಟು ನಿಲ್ಲಿಸುತ್ತಾಳೆ. ಅಳತೆ ಟೇಪು ಬಿಡಿಸುವ ಮೊದಲು ಗಂಡೋ ಹೆಣ್ಣೋ ಎಂದು ಕೇಳುವುದಿಲ್ಲ, "ಹೆಂಗೆ ಕಾಣ್ಬೇಕು ನಿಂಗೆ?" ಎಂದು ಕೇಳುತ್ತಾಳೆ. ಹುಟ್ಟಿದಾಗಿನಿಂದ ಆ ಪ್ರಶ್ನೆ ಕೇಳಿಸಿಕೊಳ್ಳದವರು ಆಮೇಲೆ ಅವಳ ನಂಬರನ್ನು ಮರೆಯುವುದಿಲ್ಲ. ಜ್ವರ ಬಂದರೆ, ಪೊಲೀಸರು ಹಿಡಿದರೆ, ಮನೆ ಓನರು ಸಾಮಾನು ಬೀದಿಗೆ ಎಸೆದರೆ ಅವಳಿಗೇ ಫೋನು ಹೋಗುತ್ತದೆ.

ನಮ್ಮ ವಿಭಾಗದ ಮುಖ್ಯಸ್ಥರು ಒಳ್ಳೆಯವರು, ಅಂದರೆ ಯಾರಿಗೂ ಇಲ್ಲ ಎನ್ನಲಾರದವರು. ನನ್ನನ್ನು ಕೂರಿಸಿ, ಟೀ ತರಿಸಿ, "ಹಾವೂ ಸಾಯ್ಬೇಕು ಕೋಲೂ ಮುರೀಬಾರ್ದು ಮೇಡಂ. ಆ ಮೂವತ್ತೊಂದು ಜಾಗ ಖಾಲಿ ಅಂತ ತೋರಿಸಿಬಿಡಿ. ಯಾರೂ ದಿಕ್ಕಿಲ್ಲ ಅಂತ. ವರದಿಗೂ ಒಂದು ತೂಕ ಬರುತ್ತೆ," ಎಂದರು.

"ಹಾವು ಯಾರು ಸರ್ ಇಲ್ಲಿ?" ಎಂದೆ. ಅವರು ಟೀ ಕುಡಿದರು.

ಮೈ ಉರಿದದ್ದು ಆಗಲೇ. ಇವರಿಗೆ ದಿಕ್ಕಿಲ್ಲದವರು ಬೇಕು; ಅಯ್ಯೋ ಪಾಪ ಎನ್ನಬಹುದು, ಒಂದು ಅಧ್ಯಾಯ ಬರೆಯಬಹುದು. ಹೊಲಿಗೆ ಯಂತ್ರದ ಹಿಂದೆ ಕೂತ ಒಬ್ಬಳು ಮೂವತ್ತೊಂದು ಜನರಿಗೆ ದಿಕ್ಕಾಗಿದ್ದಾಳೆ ಎಂದರೆ ಮಾತ್ರ ಲೆಕ್ಕ ತಪ್ಪುತ್ತದೆ.

ಪಟ್ಟಿ ಕೊಡಲಾಗದ್ದಕ್ಕೆ ಒಂದು ಕಾರಣ, ಯಾರ ಹೆಸರೂ ಹೊರಗೆ ಹೋಗುವುದಿಲ್ಲ ಎಂದು ಐವತ್ತೆರಡು ಜನರಿಗೂ ನಾನು ಸಹಿ ಮಾಡಿ ಕೊಟ್ಟಿದ್ದೇನೆ. ಇನ್ನೊಂದು ಕಾರಣ ನನ್ನ ಅಣ್ಣ.

ಅಣ್ಣ ಆ ಸಮಿತಿಯ ಕಚೇರಿಯಲ್ಲೇ ಸೂಪರಿಂಟೆಂಡೆಂಟ್. ಯಾವ ಕಡತವೂ ಅವನ ಮೇಜು ದಾಟದೆ ಒಳಗೆ ಹೋಗುವುದಿಲ್ಲ. ಮೂರು ವರ್ಷದ ಹಿಂದೆ ಅವನ ಮಗು ಮನೆ ಬಿಟ್ಟಿತು. ಸಣ್ಣದಿದ್ದಾಗಿನಿಂದ ಪಟಪಟ ಸಿಡಿಯುತ್ತಿದ್ದುದರಿಂದ ನಾವು ಚಿನಕುರುಳಿ ಎಂದು ಕರೆಯುತ್ತಿದ್ದ ಮಗು. ಇಪ್ಪತ್ತೊಂದು ತುಂಬಿದ ವಾರ ಊಟಕ್ಕೆ ಕೂತಾಗ, ತಾನು ಮಗಳೂ ಅಲ್ಲ ಮಗನೂ ಅಲ್ಲ, ಎರಡೂ ತನಗೆ ಹೊಂದುವುದಿಲ್ಲ ಎಂದಿತು. ಅಣ್ಣ ಫೋನು ಕಿತ್ತುಕೊಂಡ, ಕೋಣೆಗೆ ಬೀಗ ಹಾಕಿದ, ಸರಿಮಾಡಿ ಕೊಡುತ್ತೇನೆ ಎಂದ ಯಾರೋ ಡಾಕ್ಟರ ಹತ್ತಿರ ದಿನ ಗೊತ್ತು ಮಾಡಿದ. ಆ ದಿನ ಬರುವುದರೊಳಗೆ ಚಿನಕುರುಳಿ ಕಿಟಕಿಯಿಂದ ಹಾರಿತ್ತು. ಆಮೇಲೆ ಅಣ್ಣ ಫೋಟೋ ಹಿಡಿದು ಊರಿನ ಒಂದು ಬಸ್ ನಿಲ್ದಾಣವನ್ನೂ ಬಿಡದೆ ಅಲೆದ. ಪ್ರೀತಿ ಇಲ್ಲದವನಲ್ಲ. "ಸಿಗ್ಲಿ, ಕಾಲು ಮುರಿದು ಮನೇಲಿ ಕೂರಿಸ್ತೀನಿ" ಎನ್ನುವುದೇ ಅವನ ಪ್ರೀತಿ.

ಚಿನಕುರುಳಿ ನನಗೆ ಸಿಕ್ಕಿದ್ದು ಅಧ್ಯಯನದ ಮೂವತ್ತೆಂಟನೆಯವರಾಗಿ, ಒಂದು ಲಾಂಡ್ರಿಯ ಮೇಲಿನ ಕೋಣೆಯಲ್ಲಿ. ಕೆಳಗಿನ ಇಸ್ತ್ರಿಯ ಬಿಸಿಗೆ ನೆಲ ಬೆಚ್ಚಗಿತ್ತು. ತಮ್ಮನ್ನು 'ಅವರು' ಎನ್ನಬೇಕು ಎಂದರು. ಎತ್ತಿ ಆಡಿಸಿದ ಕೂಸಿಗೆ ಬಹುವಚನ ಕೊಡಲು ನನ್ನ ನಾಲಿಗೆ ಮೊದಮೊದಲು ಮೊಂಡು ಹಿಡಿಯಿತು. ಈಗ ಬೇರೆ ಥರ ಹೇಳಲು ಬರುವುದಿಲ್ಲ. ಸಂಬಂಧಿಕರನ್ನು ಅಧ್ಯಯನಕ್ಕೆ ಸೇರಿಸಬಾರದು, ಅದು ನಿಯಮ ಎಂದೆ.

"ಅಪ್ಪನ ಮನೆಯಿಂದಲೂ ಹೊರಗೆ, ನಿಮ್ಮ ಪುಸ್ತಕದಿಂದಲೂ ಹೊರಗೆ. ಅಲ್ವಾ ಅತ್ತೆ?" ಎಂದರು.

ನಿಯಮ ಮುರಿದೆ. ತಪ್ಪು ನನ್ನದೇ, ಇಂದಿಗೂ ಪಶ್ಚಾತ್ತಾಪವಿಲ್ಲ. ಹದಿನೇಳನೆಯ ಪ್ರಶ್ನೆ ಬಂದಾಗ ಅವರು ಟೈಲರಮ್ಮನ ನಂಬರು ಹೇಳಿ, "ಸಂಬಂಧ ಅತ್ತೆ ಅಂತ ಬರೀರಿ," ಎಂದರು.

"ಅತ್ತೆ ನಾನಲ್ವಾ?" ಎಂದು ಬಾಯಿ ತಪ್ಪಿ ಬಂತು.

"ಮನೆ ಬಿಟ್ಟ ದಿನ ಯಾರದೋ ಫೋನ್ ಇಸ್ಕೊಂಡು ನಿಮಗೆ ಆರು ಸಲ ಮಾಡ್ದೆ. ನೀವು ಸಮ್ಮೇಳನದಲ್ಲಿ ಇದ್ರಿ."

ಇದ್ದೆ. ಕುಟುಂಬದ ಬೆಂಬಲ ಎನ್ನುವ ವಿಷಯದ ಮೇಲೆ ನಲವತ್ತು ನಿಮಿಷ ಮಾತಾಡಿದ್ದೆ, ಚಪ್ಪಾಳೆಯೂ ಬಿದ್ದಿತ್ತು. ನಾನು 'ಅತ್ತೆ' ಎಂದು ಬರೆದುಕೊಂಡು ಟೈಲರಮ್ಮನ ನಂಬರನ್ನು ಅದರ ಮುಂದೆ ಬರೆದೆ. ಅಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ.

ಸಮಿತಿ ಸೇರುವ ದಿನ ಅಣ್ಣ ನನ್ನನ್ನು ಮೊಗಸಾಲೆಯಲ್ಲಿ ತಡೆದ. ಕೈಯಲ್ಲಿ ನಡಾವಳಿ ಪುಸ್ತಕವಿತ್ತು.

"ಆ ಮೂವತ್ತೊಂದರಲ್ಲಿ ನಮ್ದೂ ಇದ್ಯಾ?"

"ಇದೆ ಅಂತಾನೂ ಹೇಳಲ್ಲ, ಇಲ್ಲ ಅಂತಾನೂ ಹೇಳಲ್ಲ ಅಣ್ಣ."

"ನಾನು ಹೆತ್ತಪ್ಪ ಕಣೇ."

"ನಾನು ಮಾತು ಕೊಟ್ಟೋಳು."

"ರಕ್ತಕ್ಕಿಂತ ನಿನ್ನ ಫಾರಂ ದೊಡ್ಡದಾಯ್ತಾ?"

"ಈ ಒಂದು ವಿಷ್ಯದಲ್ಲಿ ದೊಡ್ಡದೇ," ಎಂದೆ. ಅವನು ಪುಸ್ತಕವನ್ನು ಎದೆಗೆ ಒತ್ತಿಕೊಂಡು ನನಗಿಂತ ಮುಂದೆ ಒಳಗೆ ಹೋದ.

ಉದ್ದ ಮೇಜಿನ ತುದಿಯಲ್ಲಿ ದಶಮಾಂಶದವರು, ಪಕ್ಕದಲ್ಲಿ ನಮ್ಮ ಮುಖ್ಯಸ್ಥರು, ಕಿಟಕಿಯ ಕಡೆ ನಡಾವಳಿ ಬರೆಯಲು ಅಣ್ಣ. ನನಗೆ ಕೊಟ್ಟ ಕುರ್ಚಿಯ ಒಂದು ಕಾಲು ಗಿಡ್ಡ. ನಾನು ನಿಂತೇ ಹೇಳಿದೆ.

"ಹೆಸರು ಕೊಡಲ್ಲ. ಒಬ್ಬರನ್ನೂ ಅಳಿಸಲ್ಲ. ಒಂದೇ ನಂಬರು ಬಂದಿರೋದು ತಪ್ಪಲ್ಲ, ಅದೇ ನನ್ನ ಅಧ್ಯಯನ ಕಂಡುಕೊಂಡಿರೋ ವಿಷಯ. ಹೆತ್ತವರು ಬಾಗಿಲು ಹಾಕಿದ ಮೇಲೆ ಈ ಊರಲ್ಲಿ ಯಾರು ಬಾಗಿಲು ತೆಗೆದ್ರು ಅಂತ ಆ ಸಾಲುಗಳು ಹೇಳ್ತಿವೆ. ಹಾಗೇ ಬರ್ಕೊಳ್ಳಿ."

"ಸಂಶೋಧಕಿ ಸಹಕರಿಸಲಿಲ್ಲ ಅಂತ ಬರೀರಿ ಸಾಕು," ಎಂದು ದಶಮಾಂಶದವರು ಅಣ್ಣನಿಗೆ ಹೇಳಿ, ತಮ್ಮ ಫೋನು ತೆಗೆದು ಕೆಂಪು ಸಾಲಿನ ನಂಬರು ಒತ್ತತೊಡಗಿದರು.

"ಸರ್, ಅದು ಆಪತ್ತಿಗೆ ಅಂತ ಕೊಟ್ಟ ನಂಬರು!"

"ಸಂಶೋಧನೆಗೇ ಆಪತ್ತು ಬಂದಿದೆಯಲ್ಲ," ಎಂದು ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟರು.

ಒಂದೇ ರಿಂಗಿಗೆ ಎತ್ತಿದಳು. "ಯಾರಿಗೇನಾಯ್ತು? ಎಲ್ಲಿದೀರಾ? ಉಸಿರಾಡ್ತಿದಾರಾ? ಅಲ್ಲೇ ಇರಿ, ಬಂದೆ." ಹಿಂದೆಯೇ ಅಂಗಡಿಯ ಷಟರು ದಡದಡ ಕೆಳಗಿಳಿದ ಸದ್ದು.

ದಶಮಾಂಶದವರು ಗಂಟಲು ಸರಿಮಾಡಿಕೊಂಡರು. "ನಾನು ವಿಶ್ವವಿದ್ಯಾಲಯದ ಸಮಿತಿಯ ಅಧ್ಯಕ್ಷ..."

"ಯಾರು ಬಿದ್ದಿರೋದು, ಅದನ್ನ ಹೇಳಿ ಮೊದ್ಲು."

"ಯಾರೂ ಬಿದ್ದಿಲ್ಲಮ್ಮ. ನಿಮ್ಮ ನಂಬರು ಕೊಟ್ಟೋರು ಯಾರ್ಯಾರು ಅಂತ ಹೆಸರು ಬೇಕಿತ್ತು."

"ಬಿದ್ದಿಲ್ವಾ?" ಅವಳು ಏದುಸಿರು ಬಿಡುತ್ತಿದ್ದಳು. "ಬರೀ ಹೆಸರಿಗೋಸ್ಕರ ನನ್ನ ಎದೆ ಒಡೆಸಿದ್ರಾ ಸ್ವಾಮಿ? ಗಿರಾಕಿನ ಅರ್ಧ ಅಳತೇಲಿ ಆಚೆ ಕಳಿಸಿ ಬೀದಿಗೆ ಬಂದಿದೀನಿ."

"ನೀವು ಒಂಬತ್ತು ಜನಕ್ಕೆ ಅಮ್ಮ ಅಂತ ಇಲ್ಲಿ ಬರೆದಿದೆ."

"ಒಂಬತ್ತೇನಾ? ಉಳಿದೋರು ಎಲ್ಲಿ ಹೋದ್ರು?"

ಮುಖ್ಯಸ್ಥರು ನಕ್ಕುಬಿಟ್ಟು ಕೂಡಲೇ ಕೆಮ್ಮಿದರು. ದಶಮಾಂಶದವರು ಫೋನಿಗೆ ಕೈ ಚಾಚುವಷ್ಟರಲ್ಲಿ ಅಣ್ಣ ಎದ್ದು ಬಂದು ಅದರ ಮೇಲೆ ಬಗ್ಗಿದ. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಅವನು ಸಭೆಯಲ್ಲಿ ಬಾಯಿ ತೆರೆದದ್ದು ನಾನು ಕೇಳಿರಲಿಲ್ಲ.

"ಚಿನಕುರುಳಿ ಅಂತ ಕರೀತಿದ್ವಿ," ಎಂದ. "ನಿಮಗೆ ಗೊತ್ತಾ? ನಾನು ಅಪ್ಪ."

ಟೈಲರಮ್ಮ ಉತ್ತರ ಕೊಟ್ಟಳು. ದನಿ ಇಳಿದಿತ್ತು, ಮಾತು ಬಗ್ಗಿರಲಿಲ್ಲ. "ಗೊತ್ತು ಅಂತಾನೂ ಹೇಳಲ್ಲ, ಗೊತ್ತಿಲ್ಲ ಅಂತಾನೂ ಹೇಳಲ್ಲ ಯಜಮಾನ್ರೇ. ನಿಮ್ಮ ನಂಬರ್ ಹೇಳಿ, ಗೋಡೆ ಮೇಲೆ ಬರೆದಿಡ್ತೀನಿ. ನಿಮ್ಮಂಥ ಅಪ್ಪಂದಿರ ನಂಬರು ಆಗ್ಲೇ ಹದಿನಾಲ್ಕಿವೆ. ನೋಡಿದೋರಿಗೆ ಮಾಡ್ಬೇಕು ಅನ್ಸಿದ್ರೆ ಅವ್ರೇ ಮಾಡ್ತಾರೆ."

ಅಣ್ಣ ನಂಬರು ಹೇಳಿದ. ಮಧ್ಯೆ ಒಮ್ಮೆ ತಪ್ಪಿ ಮತ್ತೆ ಮೊದಲಿನಿಂದ ಹೇಳಿದ. ಅವಳು ಒಂದೊಂದೇ ಅಂಕಿ ತಿರುಗಿ ಹೇಳಿ, ಫೋನಿಟ್ಟಳು.

ದಶಮಾಂಶದವರು ಬೇಗ ಚೇತರಿಸಿಕೊಂಡರು. "ಒಬ್ಬಳು ಇದ್ದಾಳೆ ಅಂತಾಯ್ತು. ಮೂವತ್ತೊಂದು ಜನ ಇದ್ದಾರೆ ಅಂತ ಆಗ್ಲಿಲ್ಲ. ಕೊನೇ ಸಲ ಕೇಳ್ತೀನಿ ಮೇಡಂ. ಪಟ್ಟಿ ಕೊಡಿ. ಇಲ್ಲಾಂದ್ರೆ ಅಧ್ಯಯನ ಇವತ್ತಿಗೆ ರದ್ದು, ನಿಮ್ಮ ಮೇಲೆ ವಿಚಾರಣೆ."

ಅಣ್ಣ ನನ್ನನ್ನೇ ನೋಡುತ್ತಿದ್ದ. ಕಣ್ಣು ತುಂಬಿತ್ತು. ಲಾಂಡ್ರಿ ಇರುವ ಬೀದಿಯ ಹೆಸರೂ ಇರುವ ಆ ಪಟ್ಟಿ ಕೊಟ್ಟುಬಿಟ್ಟರೆ ನನ್ನ ಅಣ್ಣನಿಗೆ ಆ ಸಂಜೆ ಅನ್ನ ಗಂಟಲಲ್ಲಿ ಇಳಿಯುತ್ತಿತ್ತು, ನನ್ನ ಎರಡು ವರ್ಷವೂ ಉಳಿಯುತ್ತಿತ್ತು. ಅವನ ಮೇಲೆ ಕರುಣೆ ಬಂತು. ಇವನು ಇನ್ನು ಕಾಲು ಮುರಿಯುವವನಲ್ಲ ಎಂದೂ ಅನ್ನಿಸಿತು. ಆದರೆ ಹಾಗೆ ಅನ್ನಿಸಿದ್ದು ನನಗೆ. ಕಿಟಕಿಯಿಂದ ಹಾರಿದ್ದು ನಾನಲ್ಲ.

"ಕೊಡಲ್ಲ ಸರ್," ಎಂದೆ. "ಐವತ್ತೆರಡು ಜನರನ್ನೂ ಇಟ್ಕೊಂಡೇ ವರದಿ ಬರೀತೀನಿ. ನೀವು ಅಚ್ಚು ಹಾಕದಿದ್ರೆ ಈ ಕಟ್ಟಡದ ಮುಂದೆ ನಿಂತು ಗಟ್ಟಿಯಾಗಿ ಓದ್ತೀನಿ. ವಿಚಾರಣೆ ಯಾವತ್ತು ಅಂತ ಹೇಳಿಕಳಿಸಿ, ಬರ್ತೀನಿ. ಅಣ್ಣ, ಬರ್ಕೋ."

ಅವನು ತನ್ನ ಜಾಗಕ್ಕೆ ಹೋಗಿ ಕೂತು ಪೆನ್ನಿನ ಮುಚ್ಚಳ ತೆಗೆದ. ಮೊದಲು ಬರೆದಿದ್ದ 'ಸಹಕರಿಸಲಿಲ್ಲ' ಎನ್ನುವ ಸಾಲಿನ ಮೇಲೆ ಗೀಟು ಎಳೆದ. "ಮೊದ್ಲಿಂದ ಹೇಳು," ಎಂದ.