ಒಂದೂವರೆ ಇಂಚಿನ ಚುಕ್ಕಿ

ಶಿವರಾತ್ರಿ ಅಮಾವಾಸ್ಯೆ ಕಳೆದು ಮೂರು ದಿನವಾಗಿತ್ತು. ಬೇಸಿಗೆ ಬೆಳೆಯ ನೆಲ್ಲು ತೆನೆಯಲ್ಲಿ ಹಾಲು ತುಂಬಿಕೊಳ್ಳುವ ಹೊತ್ತು. ಹುಲುಗಪ್ಪ ಬದುವಿನ ಇಲಿಬಿಲಗಳಿಗೆ ಕೆಸರು ಮೆತ್ತುತ್ತಾ ಮುಂದೆ ಹೋಗುತ್ತಿದ್ದ, ಹೆಂಡತಿ ಉಚ್ಚೆಂಗಮ್ಮ ಹಿಂದಿನಿಂದ ತುಳಿದು ಗಟ್ಟಿ ಮಾಡುತ್ತಿದ್ದಳು. ಮೇಲಿನ ಮೂರು ಮಡಿಗಳಲ್ಲಿ ನೀರು ನಿಂತಿತ್ತು. ಉಜ್ಜಿನಪ್ಪನ ಹೊಲಕ್ಕೆ ತಾಗಿದ ಕೊನೆಯ ಮಡಿಗೆ ಬಂದಾಗ ಮೆತ್ತುವುದಕ್ಕೆ ಕೆಸರೇ ಇರಲಿಲ್ಲ. ನೆಲ ಹೆಬ್ಬೆರಳು ತೂರುವಷ್ಟು ಬಿರಿದಿತ್ತು. ಅಲ್ಲಿನ ಬಿಲಗಳನ್ನು ಹಾಗೆಯೇ ಬಿಟ್ಟ.

ಉಚ್ಚೆಂಗಮ್ಮ ಒಂದು ಕಾಳು ಕಿತ್ತು ಹಿಚುಕಿದಳು. ಹಾಲು ಬರಲಿಲ್ಲ.

"ಇನ್ನ ಎಂಟು ದಿನ ಹಿಂಗ ಇದ್ರ ಈ ಮಡಿ ಪೂರ್ತಿ ಜೊಳ್ಳು. ಆ ಉಜ್ಜಿನಪ್ಪನ್ನ ಒಂದ್ ಮಾತು ಕೇಳಾಕ ಆಗಂಗಿಲ್ಲೇನು ನಿನಗ?"

"ಕೇಳೀನಿ. ಚುಕ್ಕಿ ನೋಡೇ ನೀರು ತಿರುವೀನಿ ಅಂತಾನ."

ಡ್ಯಾಮಿನ ನೀರು ಕಂಪ್ಲಿ ಸೀಮೆಗೆ ಬಂದ ಹೊಸದರಲ್ಲಿ ಹುಲುಗಪ್ಪ, ಉಜ್ಜಿನಪ್ಪ ಇಬ್ಬರ ಅಪ್ಪಂದಿರೂ ಬೇಸಿಗೆ ಬೆಳೆಗೆ ಮಾಡಿಕೊಂಡ ಕಟ್ಟುಪಾಡು ಅದು. ಒಂದೇ ಕಾಲುವೆ, ಎರಡು ಹೊಲ. ದೀಪ ಹಚ್ಚುವ ಹೊತ್ತಿನಿಂದ, ಮೂಡಣದ ಚಪ್ಪಟೆ ಬಂಡೆಯ ಮೇಲೆ ಆಕಾಶದ ಚೇಳಿನ ಕೆಂಪು ಚುಕ್ಕಿ ಕಾಣುವ ತನಕ ಹುಲುಗಪ್ಪನ ಮನೆಯವರ ನೀರು. ಅಲ್ಲಿಂದ ಬೆಳಗಿನ ತನಕ ಉಜ್ಜಿನಪ್ಪನ ಮನೆಯವರದು. ಈಗ ಇಬ್ಬರ ಕೈಗೂ ಗಡಿಯಾರ ಬಂದಿದ್ದವು, ಆದರೂ ಕಟ್ಟು ಮುರಿದಿರಲಿಲ್ಲ. ಗಡಿಯಾರದ ಮುಳ್ಳನ್ನು ಯಾವನು ಬೇಕಾದರೂ ತಿರುವಬಹುದು, ಚುಕ್ಕಿಯನ್ನು ಯಾರು ತಿರುವುತ್ತಾರೆ? ಈ ಮಾತಿಗೆ ಇಬ್ಬರ ಒಪ್ಪಿಗೆಯೂ ಇತ್ತು. ತಂಟೆ ಇದ್ದದ್ದು ಒಂದೇ. ಉಜ್ಜಿನಪ್ಪ ಈಚೆಗೆ ತನ್ನ ಹುಲ್ಲಿನ ಬಣವೆ ಹತ್ತಿ ಚುಕ್ಕಿ ನೋಡುತ್ತಿದ್ದ. ಬಣವೆಯ ಮೇಲಿನವನಿಗೆ ಅದು ಬೇಗ ಕಾಣುತ್ತಿತ್ತು, ಕೆಳಗೆ ನಿಂತವನಿಗೆ ತಡವಾಗಿ.

ಮರುದಿನ ಹುಲುಗಪ್ಪ ಅರ್ಜಿ ಬರೆಸಿಕೊಂಡು ಕಾಲುವೆ ಕಚೇರಿಗೆ ಹೋದ. ಅಲ್ಲಿನ ಸಾಹೇಬರು ವೆಂಕೋಬರಾಯರು ಓದಿ ಕನ್ನಡಕ ತೆಗೆದರು.

"ಸಾಕ್ಷಿ ಯಾರಪಾ?"

"ಚುಕ್ಕೀನ ಸಾಕ್ಷಿ, ಸಾಹೇಬ್ರ."

"ಅದನ್ನ ಇಲ್ಲಿಗೆ ಕರ್ಕೊಂಡು ಬರ್ತೀಯೇನು?"

"ಅದು ಹಗಲೊತ್ತು ಬರಂಗಿಲ್ರಿ. ನಿಮ್ಮ ಕಚೇರಿ ರಾತ್ರಿ ತೆರಿಯಂಗಿಲ್ಲ."

ರಾಯರಿಗೆ ಇದು ನ್ಯಾಯವೆನಿಸಿತು. "ಫೋಟೋ ಲಗತ್ತಿಸುವುದು" ಎಂದು ಅರ್ಜಿಯ ಅಂಚಿನಲ್ಲಿ ಬರೆದು ಹಿಂದಕ್ಕೆ ಕೊಟ್ಟರು.

ಕಂಪ್ಲಿ ಬಸ್‌ಸ್ಟ್ಯಾಂಡಿನ ಹಿಂದೆ ಕಮಲಾಕರಾಚಾರರ ಸ್ಟುಡಿಯೋ. ಮದುವೆ, ತೊಟ್ಟಿಲು, ಕುಂಡ್ರಿಸಿದ ಹೆಣ, ಎಲ್ಲ ತೆಗೆದಿದ್ದ ಮನುಷ್ಯ. ಚುಕ್ಕಿ ಎಂದಾಗಲೂ ಗಾಬರಿಯಾಗಲಿಲ್ಲ.

"ಪಾಸ್‌ಪೋರ್ಟ್ ಸೈಜೋ, ದೊಡ್ಡದೋ?"

"ಸರ್ಕಾರಕ್ಕ ಯಾವ್ದು ನಡೀತದ ಅದು, ಆಚಾರ್ರ."

"ಹಂಗಾದ್ರ ಇಲ್ಲೇ ಅದಾವಲ್ಲೋ," ಎಂದು ಆಚಾರರು ಗೋಡೆಯ ಪರದೆ ತೋರಿಸಿದರು. ಅದರಲ್ಲಿ ಚಂದ್ರ, ತಾಜಮಹಲು, ಒಂದು ನಲವತ್ತು ಚುಕ್ಕಿ ಬರೆಸಿದ್ದರು. ಹುಲುಗಪ್ಪ ಹತ್ತಿರ ಹೋಗಿ ಒಂದೊಂದನ್ನೇ ನೋಡಿ ಬಂದ.

"ಇದರಾಗ ನಮ್ದು ಇಲ್ರಿ."

ಒಂದು ಬಾಳೆಗೊನೆಗೆ ಮಾತಾಯಿತು. ಆ ರಾತ್ರಿಯೇ ಆಚಾರರು ಸೈಕಲ್ಲಿಗೆ ಮೂರುಕಾಲಿನ ಸ್ಟ್ಯಾಂಡು ಕಟ್ಟಿಕೊಂಡು ಹೊಲಕ್ಕೆ ಬಂದರು. ಕಾಲುವೆ ಎರಡು ಹೊಲಕ್ಕೂ ಕವಲಾಗುವ ಜಾಗದಲ್ಲಿ ಬಂಡೆಯ ಕಡೆ ಮುಖ ಮಾಡಿ ಕ್ಯಾಮೆರಾ ನಿಂತಿತು. ಒಂದು ಗಂಟೆ ಸುಮಾರಿಗೆ ಬಣವೆಯ ಮೇಲಿಂದ ಕೂಗು ಬಂತು.

"ಬಂತಲೇ, ಬಂತು!"

ಉಜ್ಜಿನಪ್ಪ ಜಾರಿ ಇಳಿದು ಸಲಿಕೆ ಹಿಡಿದು ಕವಲಿಗೆ ಬಂದ.

"ಎಲ್ಲೈತಿ? ನನಗ ಕಾಣವಲ್ದು," ಎಂದ ಹುಲುಗಪ್ಪ.

"ಕುಳ್ಳಗ ಹುಟ್ಟಿದ್ದು ಯಾರ ತಪ್ಪು?" ಎಂದವನಿಗೆ ಆಗ ಕ್ಯಾಮೆರಾ ಕಂಡಿತು. "ಇದೇನಲೇ?"

"ಕಚೇರಿಗೆ ಸಾಕ್ಷಿ."

"ಹಂಗಾದ್ರ ನಾನೂ ಇರಬೇಕು. ನಾ ಏನೂ ಕದ್ದು ಮಾಡವನಲ್ಲ." ಉಜ್ಜಿನಪ್ಪ ರುಮಾಲು ಬಿಚ್ಚಿ ಹೊಸದಾಗಿ ಸುತ್ತಿಕೊಂಡು, ಸಲಿಕೆಯನ್ನು ಮಣ್ಣಿಗೆ ಊರಿ, ಉಸಿರು ಕಟ್ಟಿ ನಿಂತ.

ಆಚಾರರು ಕ್ಯಾಮೆರಾದ ಕಣ್ಣು ತೆರೆದರು. "ಚುಕ್ಕಿಗೆ ಬೆಳಕು ಸಾಲದು, ಭಾಳ ಹೊತ್ತು ತೆರೆದಿಡಬೇಕು. ಯಾರೂ ಮುಟ್ಟಬ್ಯಾಡ್ರಿ."

"ಫ್ಲ್ಯಾಶ್ ಹೊಡೀರಿ," ಎಂದ ಹುಲುಗಪ್ಪ.

"ಅದು ಅಲ್ಲೀತನಕ ಮುಟ್ಟಂಗಿಲ್ಲೋ!"

"ಇಡೀ ಗೊನಿ ಕೊಟ್ಟೀನಿ. ಹೊಡೀರಿ."

ಹೊಡೆದರು. ದಂಡೆಯ ಮರದಲ್ಲಿ ಮಲಗಿದ್ದ ಕೊಕ್ಕರೆಗಳೆಲ್ಲ ಎದ್ದವು. ಆಚಾರರು ಬದುವಿನ ಮೇಲೆ ಟವೆಲು ಹಾಸಿ ಅಡ್ಡಾಗಿ ನಿದ್ದೆಹೋದರು.

ಆಯಿತೆಂದು ಯಾರೂ ಹೇಳದ್ದರಿಂದ ಉಜ್ಜಿನಪ್ಪ ನಿಂತೇ ಇದ್ದ. ಸೊಳ್ಳೆ ಕಡಿದರೂ ಕೈ ಎತ್ತಲಿಲ್ಲ. "ಆತೇನಲೇ?" ಎಂದು ತುಟಿಯಷ್ಟೇ ಅಲ್ಲಾಡಿಸಿ ಕೇಳುತ್ತಿದ್ದ. "ಇನ್ನಾ ಇಲ್ಲ," ಎನ್ನುತ್ತಿದ್ದ ಹುಲುಗಪ್ಪ. ಕವಲಿನ ನೀರನ್ನು ತಿರುವುವವರಿಲ್ಲದೆ ಅದು ಹುಲುಗಪ್ಪನ ಹೊಲಕ್ಕೇ ಹರಿಯುತ್ತಿತ್ತು. ಗಂಟೆಯ ಮೇಲೆ ಆಚಾರರು ಎದ್ದು ಕಣ್ಣು ಮುಚ್ಚಿದರು, ಕ್ಯಾಮೆರಾದ್ದು.

ನಾಲ್ಕನೇ ದಿನ ಫೋಟೋ ಬಂತು. ಉಜ್ಜಿನಪ್ಪ ಮಟಮಟ ಮಧ್ಯಾಹ್ನದಲ್ಲಿ ನಿಂತವನ ಹಾಗೆ ಬೆಳಗುತ್ತಿದ್ದ. ಅವನ ತಲೆಯ ಮೇಲೆ ಯಾವ ಚುಕ್ಕಿಯೂ ಚುಕ್ಕಿಯಾಗಿರಲಿಲ್ಲ, ಎಲ್ಲ ಗೆರೆ. ಕೆಂಪು ಚುಕ್ಕಿಯೂ ಬಂಡೆಯ ನೆತ್ತಿಯಿಂದ ಓರೆಯಾಗಿ ಎದ್ದ ಒಂದು ಬಿಳಿ ಗೆರೆಯಾಗಿತ್ತು.

ರಾಯರು ಇಬ್ಬರನ್ನೂ ಮುಂದೆ ನಿಲ್ಲಿಸಿಕೊಂಡರು. "ಚುಕ್ಕಿ ಇರೋದು ಈ ತುದಿಗೋ, ಆ ತುದಿಗೋ?"

"ಕೆಳಗಿನ ತುದಿಗ್ರಿ," ಎಂದ ಉಜ್ಜಿನಪ್ಪ.

"ಮ್ಯಾಲಿನ ತುದಿಗ್ರಿ," ಎಂದ ಹುಲುಗಪ್ಪ.

ರಾಯರು ಸ್ಕೇಲು ಇಟ್ಟು ಅಳೆದರು. "ಒಂದೂವರೆ ಇಂಚು. ನಿಮ್ಮ ತಂಟೆ ಇಷ್ಟೇ. ಉಜ್ಜಿನಪ್ಪ, ಇವನ ಕೊನೀ ಮಡಿಗೆ ಒಂದೂವರೆ ಇಂಚು ನೀರು ನಿಲ್ಲಿಸಿ ಕೊಡು, ಮುಗೀತು." ಫೋಟೋದ ಮೇಲೆ ಮೊಹರು ಎತ್ತಿದರು.

"ಮಾರಿ ಮ್ಯಾಲ ಬ್ಯಾಡ್ರಿ ಸಾಹೇಬ್ರ," ಎಂದ ಉಜ್ಜಿನಪ್ಪ. ಅವನು ತೆಗೆದ ತಕರಾರು ಅದೊಂದೇ. ಸ್ಕೇಲು ಇಟ್ಟು ಅಳೆದದ್ದಕ್ಕೆ ಯಾರು ಎದುರಾಡುತ್ತಾರೆ?

ಫೋಟೋದ ಗೆರೆಗೆ ಸಮನಾಗಿ ಒಂದು ಜಾಲಿಕಡ್ಡಿಗೆ ಕಚ್ಚು ಹಾಕಿ ಕೊನೆಯ ಮಡಿಯಲ್ಲಿ ನೆಟ್ಟರು. ರಾತ್ರಿ ಚುಕ್ಕಿ ಮೂಡಿದ ಮೇಲೂ ಉಜ್ಜಿನಪ್ಪ ನೀರು ತಿರುವಲಿಲ್ಲ. ಮೊದಲ ರಾತ್ರಿಯದನ್ನು ಬಿರುಕುಗಳೇ ಕುಡಿದವು. ಎರಡನೆಯ ರಾತ್ರಿ ಅರ್ಧ ಇಂಚು, ಮೂರನೆಯ ರಾತ್ರಿ ಒಂದು. ನಾಲ್ಕನೆಯ ರಾತ್ರಿಯೂ ಒಂದೇ, ಐದನೆಯದೂ ಒಂದೇ.

"ಮೋಸ ಮಾಡಕತ್ತಾನ," ಎಂದಳು ಉಚ್ಚೆಂಗಮ್ಮ.

ಬೆಳಗಿನ ಜಾವ ಹುಲುಗಪ್ಪ ಸಿಟ್ಟಿನಲ್ಲಿ ಬದುವಿನುದ್ದಕ್ಕೂ ನಡೆದ. ಆಚೆ ಮಗ್ಗುಲಲ್ಲಿ ಉಜ್ಜಿನಪ್ಪ ಮಂಡಿಯೂರಿ, ಇಲಿಬಿಲಕ್ಕೆ ಮೊಣಕೈ ತನಕ ಕೈ ತೂರಿ ಕೆಸರು ತುರುಕುತ್ತಿದ್ದ.

"ಏನ್ ಮಾಡಕತ್ತೀಯಲೇ?"

"ನಾ ಕೊಟ್ಟ ನೀರು ಇದರಾಗ ಹಾಯ್ದು ತಿರುಗಿ ನನ್ನ ಹೊಲಕ್ಕ ಬರಕತ್ತೈತಿ! ಹಿಂಗಾದ್ರ ನಿನ್ನ ಬಾಕಿ ತೀರೋದು ಯಾವಾಗ? ನೋಡ್ಕೋತ ನಿಂತೀಯಲ್ಲ, ಆ ಕಡಿಂದ ಮೆತ್ತು."

ಹುಲುಗಪ್ಪ ಇಳಿದು ಈಚೆಯಿಂದ ಕೈ ತೂರಿದ. ಬದುವಿನ ಹೊಟ್ಟೆಯೊಳಗೆ ಒಬ್ಬರ ಬೆರಳು ಒಬ್ಬರಿಗೆ ತಾಗಿದವು. ಇಬ್ಬರೂ ಇಲಿ ಎಂದು ಬೆಚ್ಚಿ ಕೈ ಎಳೆದುಕೊಂಡರು.

ಮರುದಿನ ಹೊತ್ತು ಏರುವಷ್ಟರಲ್ಲಿ ನೀರು ಕಚ್ಚು ಮುಟ್ಟಿತು. ಉಚ್ಚೆಂಗಮ್ಮ ಕಾಳು ಹಿಚುಕಿದಳು. ಹೆಬ್ಬೆರಳ ಮೇಲೆ ಬೆಳ್ಳಗೆ ಒಂದು ಹನಿ ನಿಂತಿತು.

ಉಜ್ಜಿನಪ್ಪ ಕಡ್ಡಿ ಕಿತ್ತು ಪಂಚೆಗೆ ಒರೆಸಿದ.

"ತೀರಿತೇನು?"

"ತೀರಿತು."

"ಹಂಗಾದ್ರ ಇವತ್ತ ರಾತ್ರಿಯಿಂದ ಚುಕ್ಕಿ ನೋಡೇ ನೀರು ತಿರುವಾಂವ ನಾನು," ಎಂದು ಕಡ್ಡಿಯನ್ನು ರುಮಾಲಿಗೆ ಸಿಕ್ಕಿಸಿಕೊಂಡು, ದನಕ್ಕೆ ಹಿರಿದು ಹಾಕಿದ ಮೇಲೆ ಬಣವೆ ಇನ್ನೂ ಎಷ್ಟು ಎತ್ತರ ಉಳಿದಿದೆ ಎಂದು ನೋಡುತ್ತಾ ಹೋದ.